ಇದ್ದಿಲ ಕುರಿ

"ಇನ್ನೊಂಚೂರು ಹಿಂದಕ್ಕೆ ಒರಗ್ಸೋ ಯತ್ತಪ್ಪ, ಮೈ ಸೆಟೆದ್ರೆ ಕೂರ್ಸೋಕಾಗಲ್ಲ," ಎಂದರು ಮಠದ ಬಸವಲಿಂಗಯ್ಯ.

ಯತ್ತಪ್ಪ ಚನ್ನಮಲ್ಲಯ್ಯ ಮೇಷ್ಟ್ರ ಹೆಣಕ್ಕೆ ಚಕ್ಕಳಮಕ್ಕಳ ಹಾಕಿಸಿ ನಿಡುಗಲ್ ಶಾಲೆಯ ಗೋಡೆಗೆ ಒರಗಿಸಿದ. ಶಾಲೆಯ ಹಿಂದಿನ ಕೋಣೆಯೇ ಮೇಷ್ಟ್ರ ಮನೆ. ಅಲ್ಲಿ ನಾಲ್ಕು ಜನ ನಿಂತರೆ ಐದನೆಯವನು ಬಾಗಿಲಾಚೆ. ಪಾಪ, ಸತ್ತ ಮೇಲೂ ಮನುಷ್ಯನಿಗೆ ಶಾಲೆಯಿಂದ ಬಿಡುಗಡೆಯಿರಲಿಲ್ಲ.

ಹೆಂಡತಿ ಶಿವರುದ್ರಮ್ಮ ಕಂಬಕ್ಕೆ ತಲೆ ಆನಿಸಿ ಕೂತಿದ್ದಳು. ನಾಳೆ ಶಾಲೆಯ ತನಿಖೆಗೆ ಇನ್‌ಸ್ಪೆಕ್ಟರ್ ಬರುತ್ತಾರೆಂದು ಅವಳೇ ನಿನ್ನೆ ಅರಳಿಸಿಟ್ಟ ಸುಣ್ಣ ಅಂಗಳದಲ್ಲಿತ್ತು. ಗೋಡೆ ತುಂಬ ಮೇಷ್ಟ್ರ ಇದ್ದಿಲ ಚಿತ್ರಗಳು ಹಾಗೇ ಇದ್ದವು.

"ಮಣ್ಣಾದ್ಮೇಲೆ ಗೋಡೆ ಬಳಿಸ್ಬುಡ್ಲೇನಮ್ಮ?" ಎಂದರು ಬಸವಲಿಂಗಯ್ಯ.

"ಬಳ್ಸಿ. ನಂಗೂ ಸಾಕಾಗೈತೆ."

"ಅಂಗನ್ಬ್ಯಾಡಿ ಅಮ್ಮಾರೆ," ಎಂದ ಯತ್ತಪ್ಪ. "ಈಗ ಅಳಿಸಿದ್ರೆ ಮತ್ತೆ ಬರಿಯೋರು ಯಾರವ್ರೆ?"



*

ಹದಿನೆಂಟು ವರ್ಷದ ಹಿಂದೆ ಯತ್ತಪ್ಪನೂ ಇದೇ ನೆಲದ ಮೇಲೆ ಕೂತು ಕಲಿತವನು. ಬರುತ್ತಿದ್ದವರೆಲ್ಲ ಕುರಿ ಕಾಯುವವರ ಮಕ್ಕಳು, ಮನೆಮಾತು ತೆಲುಗು. ಮೇಷ್ಟ್ರು ಪುಸ್ತಕ ಹಿಡಿದು "ಕುರಿ, ಕುರಿ" ಎಂದು ಗಂಟಲು ಹರಿದುಕೊಂಡರೂ ಮಕ್ಕಳು ಪಿಳಿಪಿಳಿ ನೋಡುತ್ತಿದ್ದವು. ಕೊನೆಗೆ ಒಲೆಯಿಂದ ಇದ್ದಿಲು ತಂದು ಗೋಡೆಯ ಮೇಲೆ ಗೀಚಿದರು.

"ಗೊರ್ರೆ!" ಯತ್ತಪ್ಪ ಕಿರುಚಿದ.

"ಅದೇ ಕಣೋ, ಕನ್ನಡದಲ್ಲಿ ಕುರಿ."

ಅಂದಿನಿಂದ ಪಾಠವೆಲ್ಲ ಗೋಡೆಯ ಮೇಲೇ ನಡೆಯಿತು.

"ಇದು ಸ್ಕೂಲೋ, ದೊಡ್ಡಿಯೋ? ಅಳಿಸಿ," ಎಂದು ಇನ್‌ಸ್ಪೆಕ್ಟರು ಸಿಡುಕಿ ಹೋದರು. ವರ್ಷವರ್ಷವೂ ತನಿಖೆಯ ಹಿಂದಿನ ದಿನ ಗಂಡ ಹೆಂಡತಿ ಸುಣ್ಣ ಬಳಿಯುವುದು, ಸಾಹೇಬರ ಕುದುರೆ ಬೆಟ್ಟ ಇಳಿದ ಮೇಲೆ ಮೇಷ್ಟ್ರು ಮತ್ತೆ ಮೊದಲಿಂದ ಬರೆಯುವುದು. ಸುಣ್ಣಕ್ಕೆ ಶಿವರುದ್ರಮ್ಮನ ಬೆರಳೆಲ್ಲ ಬಿರಿದಿದ್ದವು. "ನಿಮ್ಮ ಕುರಿಗಳಿಗೆ ನನ್ನ ಕೈಯೇ ಮೇವು," ಎಂದು ಗೊಣಗುತ್ತಲೇ ಸುಣ್ಣ ಕಲಸುತ್ತಿದ್ದಳು.

*

"ಹೊತ್ತಾಯ್ತು, ಎತ್ರಪ್ಪ."

ನಾಲ್ವರು ಹೆಣವನ್ನು ಎತ್ತಿದರು. ಬಿಳಿಯ ಹೊದಿಕೆಯ ಬೆನ್ನಿಗೆ ಗೋಡೆಯ ಕುರಿ ಇಡಿಯಾಗಿ ಅಂಟಿಕೊಂಡು ಬಂದಿತ್ತು.

"ಹೊಸ ಬಟ್ಟೆ ಮಸಿಯಾಯ್ತಲ್ಲ! ಬೇರೆ ಹೊದಿಸಿ," ಎಂದರು ಬಸವಲಿಂಗಯ್ಯ.

ಶಿವರುದ್ರಮ್ಮ ಎದ್ದು ಬಂದಳು. ಒರೆಸಲು ಚಾಚಿದ ಕೈ ಅಲ್ಲೇ ನಿಂತಿತು. ದುಃಖ ಆಗ ಉಕ್ಕಿ ಬಂತು.

"ಬ್ಯಾಡಿ," ಎಂದಳು. "ಅದ್ನ ಯಾರೂ ಮುಟ್ಬ್ಯಾಡಿ. ಗೋಡೇನೂ ಬಳೀಬ್ಯಾಡಿ."

ಬಿದಿರು ಕಟ್ಟಿ ಮಾಡಿದ ವಿಮಾನದಲ್ಲಿ ಕೂತ ಮೇಷ್ಟ್ರನ್ನು ಹಳೆಯ ಶಿಷ್ಯರು ಹೊತ್ತು ನಡೆದರು. ಬೆನ್ನ ಮೇಲಿನ ಕುರಿ ಅವರ ಹೆಜ್ಜೆಗೆ ತಕ್ಕಂತೆ ಕುಲುಕುತ್ತ ಕುರಿಹಟ್ಟಿಯಾಚೆಯ ಸ್ಮಶಾನದ ದಾರಿ ಹಿಡಿಯಿತು. ಅದು ಮರೆಯಾಗುವ ತನಕ ಶಿವರುದ್ರಮ್ಮ ಬಾಗಿಲಲ್ಲೇ ನಿಂತಿದ್ದಳು.

ಒಳಗೆ ಬಂದು ನೋಡಿದಾಗ ಗೋಡೆಯ ಕುರಿಗೆ ಕಾಲುಗಳೇ ಉಳಿದಿರಲಿಲ್ಲ. ಬೆಳಗಿನಿಂದ ಒಲೆ ಹಚ್ಚಿರಲಿಲ್ಲ. ಬೂದಿ ಕೆದಕಿ, ಬಿರಿದ ಬೆರಳಲ್ಲಿ ಒಂದು ತಣ್ಣನೆಯ ಇದ್ದಿಲು ಹಿಡಿದು ಅವಳು ಗೋಡೆಯ ಮುಂದೆ ಕೂತಳು.