ದೇವರಾಜನ್ನರ ಒಸಾಕಾ

ಒಸಾಕಾದಲ್ಲಿ ನಾಲ್ಕೇ ದಿನ ಇದ್ದು ಬಂದವರು ಅದರ ಬಗ್ಗೆ ಎಷ್ಟು ಕಾಲ ಮಾತಾಡಬಹುದು? ದೇವರಾಜನ್ ಮೂರು ವರ್ಷ ಮಾತಾಡಿದ್ದರು, ಇನ್ನೂ ದಣಿದಿರಲಿಲ್ಲ.

ತಿರುಪ್ಪೂರಿನ ಬನಿಯನ್ ರಫ್ತು ಕಂಪನಿಯೊಂದರಲ್ಲಿ ಅವರು ಆರ್ಡರುಗಳನ್ನು ನೋಡಿಕೊಳ್ಳುವ ಮ್ಯಾನೇಜರು. ೨೦೦೪ರಲ್ಲಿ ಕಂಪನಿ ಅವರನ್ನು ಒಸಾಕಾದ ಬಟ್ಟೆ ಮೇಳಕ್ಕೆ ಕಳಿಸಿತ್ತು. ಅಂದಿನಿಂದ ಕ್ಯಾಂಟೀನಿನಲ್ಲಿ ಟೀ ತಣ್ಣಗಿದ್ದರೆ ಜಪಾನಿನ ಟೀ, ರೈಲು ತಡವಾದರೆ ಜಪಾನಿನ ರೈಲು, ಹೊಲಿಗೆ ಸೊಟ್ಟಗಾದರೆ ಜಪಾನಿನ ಶಿಸ್ತು. ಹಿಂದಿನಿಂದ ಜನ ತಮ್ಮನ್ನು ‘ಜಪಾನ್ ಸಾರ್’ ಎನ್ನುತ್ತಾರೆಂದು ಅವರಿಗೆ ಗೊತ್ತಿತ್ತು. ಅದು ಗೇಲಿ ಇರಬಹುದೆಂಬ ಅನುಮಾನ ಮಾತ್ರ ಒಮ್ಮೆಯೂ ಬಂದಿರಲಿಲ್ಲ.

೨೦೦೭ರ ಒಂದು ಶುಕ್ರವಾರ, ದೊಡ್ಡದೊಂದು ಆರ್ಡರು ಹಡಗು ಹತ್ತಿದ ಸಂತೋಷದಲ್ಲಿ, ಆಫೀಸಿನ ಆದರ್ಶ್ ಮತ್ತು ಭೂಮಿ ಅವರ ಮೇಜಿನ ಮುಂದೆ ಬಂದು ನಿಂತರು. ಆದರ್ಶ್ ದಾವಣಗೆರೆಯವನು, ಭೂಮಿ ಹಾಸನದವಳು. ಇಬ್ಬರೂ ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ.

“ಸಾರ್, ಕೊಯಮತ್ತೂರಲ್ಲಿ ಅವಿನಾಶಿ ರೋಡಲ್ಲಿ ಒಂದು ಹೊಸ ಹೋಟೆಲ್ ಆಗಿದೆ,” ಅಂದಳು ಭೂಮಿ. “ಒಂದು ಕಡೆ ಬರ್ಗರ್, ಇನ್ನೊಂದು ಕಡೆ ಜಪಾನಿನ ಯಾಕಿಟೋರಿ. ನಮಗೆ ಅದನ್ನ ಹೇಗೆ ತಿನ್ನಬೇಕು ಅಂತಾನೂ ಗೊತ್ತಿಲ್ಲ. ನೀವು ಬಂದು ಹೇಳಿಕೊಡಬೇಕು.”

ದೇವರಾಜನ್ನರ ಎದೆ ಒಮ್ಮೆ ಉಬ್ಬಿತು, ಮರುಕ್ಷಣವೇ ಕುಸಿಯಿತು. ಬಾಯಿ ಮಾತ್ರ ತನ್ನ ಪಾಡಿಗೆ ನಡೆಯಿತು.

“ಯಾಕಿಟೋರಿಯಾ? ಅಲ್ಲಿ ಡೈಲಿ ಅದೇ ಸಾಪ್ಪಾಡು ನನ್ಗೆ. ಯಾಕಿ ಅಂದ್ರೆ ಕಡ್ಡಿ, ಟೋರಿ ಅಂದ್ರೆ ಕಬಾಬು. ವಾಂಗೋ, ಹೋಗೋಣ!”

ಮೂರು ತಲೆಮಾರಿನಿಂದ ಕೊಯಮತ್ತೂರಿನಲ್ಲಿ ನೆಲೆನಿಂತ ಕನ್ನಡ ಮನೆತನ ಅವರದು. ಕನ್ನಡ ಓದಲು ಬಾರದು. ಮನೆಯಲ್ಲಿ ಆಡುವ ಕನ್ನಡದಲ್ಲೂ ಅರ್ಧ ತಮಿಳು. ಈ ಹುಡುಗರ ತೊಳೆದಿಟ್ಟಂಥ ಕನ್ನಡದ ಎದುರು ಅವರಿಗೆ ಸದಾ ಒಂದು ಮೆಟ್ಟಿಲು ಕೆಳಗೆ ನಿಂತ ಹಾಗೆ ಅನಿಸುತ್ತಿತ್ತು. ಅದನ್ನು ಸರಿದೂಗಿಸಲು ಇದ್ದದ್ದು ಜಪಾನ್ ಒಂದೇ.

ಏಳೂವರೆಗೆ ಅವರ ಕಾರು ಹೋಟೆಲ್ ಮುಂದೆ ನಿಂತಿತು. ಒಳಗೆ ಇದ್ದಿಲ ಹೊಗೆ, ಸುಡುವ ಕೋಳಿಯ ಘಮ. ಉದ್ದನೆಯ ಒಲೆಯ ಹಿಂದೆ ಬಿಳಿ ಬಟ್ಟೆ ತಲೆಗೆ ಸುತ್ತಿಕೊಂಡ ನಡುವಯಸ್ಸಿನ ಒಬ್ಬಾತ ಕಡ್ಡಿಗಳನ್ನು ಹೊರಳಿಸುತ್ತಿದ್ದ. ಹುಡುಗರಿಬ್ಬರೂ ಮೊದಲು ಬರ್ಗರ್ ಹೇಳಿದರು. ದೇವರಾಜನ್ನರಿಗೂ ಬಾಯಲ್ಲಿ ನೀರೂರಿತು. ಆದರೆ ಜಪಾನಿಗೆ ಹೋಗಿ ಬಂದವರು ಬರ್ಗರ್ ತಿನ್ನುವುದೇ?

“ಉಪ್ಪು ಹಾಕಿದ್ದಾ ಸಾರ್, ಸಾಸ್ ಹಚ್ಚಿದ್ದಾ?” ಎಂದು ಬಡಿಸುವವನು ಕೇಳಿದ.

ಹೀಗೊಂದು ಪ್ರಶ್ನೆ ಬರುತ್ತದೆಂದು ಅವರು ಎಣಿಸಿಯೇ ಇರಲಿಲ್ಲ. “ಎರಡೂ,” ಅಂದರು ಗಂಭೀರವಾಗಿ. ಮೆನುವಿನಲ್ಲಿ ಏಳನೆಯದನ್ನು, ಏನೆಂದು ಓದದೆಯೇ, ಬೆರಳಿಟ್ಟು ತೋರಿಸಿದರು.

ಬಂದದ್ದು ಕೋಳಿಯ ಚರ್ಮ. ಕಡ್ಡಿಗೆ ಮಡಿಚಿ ಮಡಿಚಿ ಚುಚ್ಚಿ ಗರಿಗರಿಯಾಗಿ ಸುಟ್ಟಿದ್ದರು.

“ಈಗ ನೋಡ್ಕೊಳ್ಳಿ,” ಎನ್ನುತ್ತಾ ದೇವರಾಜನ್ ಎರಡು ಚಾಪ್‌ಸ್ಟಿಕ್ ಹಿಡಿದರು. ಕೈಯಿಂದ ಮುಟ್ಟಿದರೆ ಜಪಾನಿಗೇ ಅವಮಾನ ಎಂಬುದು ಅವರ ಆ ಕ್ಷಣದ ಸಂಶೋಧನೆ. ಎಡಗೈಯಲ್ಲಿ ಕಡ್ಡಿ, ಬಲಗೈಯಲ್ಲಿ ಚಾಪ್‌ಸ್ಟಿಕ್. ಚರ್ಮ ಬಿಡದು, ಇವರೂ ಬಿಡರು. ಕೊನೆಗೆ ಉಸಿರು ಕಟ್ಟಿ ಎಳೆದ ಏಟಿಗೆ ಒಂದು ತುಂಡು ಚಿಮ್ಮಿ ಪಕ್ಕದ ಮೇಜಿನ ಅಜ್ಜಿಯೊಬ್ಬರ ಮೋಸಂಬಿ ಜ್ಯೂಸಿನೊಳಗೆ ಬಿತ್ತು. ಅಜ್ಜಿ ಲೋಟ ನೋಡಿದರು, ಚಾವಣಿ ನೋಡಿದರು, ಕೊನೆಗೆ ದೇವರಾಜನ್ನರನ್ನು ನೋಡಿದರು. ಆದರ್ಶ್ ಬರ್ಗರನ್ನು ಮುಖದ ತನಕ ಎತ್ತಿ ಅದರ ಹಿಂದೆ ಅಡಗಿಕೊಂಡ; ಅವನ ಭುಜ ಮಾತ್ರ ಕುಣಿಯುತ್ತಿತ್ತು.

ಅಜ್ಜಿಗೆ ಬೇರೆ ಜ್ಯೂಸ್ ತರಿಸಿ ಕೂರುವಷ್ಟರಲ್ಲಿ ಒಲೆಯ ಹಿಂದಿದ್ದ ಆಸಾಮಿಯೇ ಎದ್ದು ಬಂದ. ಜಪಾನಿನಲ್ಲಿದ್ದು ಬಂದ ಸಾರ್ ಇವರು ಎಂದು ಭೂಮಿ ಒಳಗೆ ಬರುವಾಗಲೇ ಬಡಿಸುವವನಿಗೆ ಹೆಮ್ಮೆಯಿಂದ ಹೇಳಿದ್ದಳಂತೆ. ಆತ ನಗುತ್ತಾ, “ಓಯಿಶೀ ದೆಸು ಕಾ?” ಅಂದ, ರುಚಿಯಾಗಿದೆಯೇ ಎಂದು. ಅದರ ಹಿಂದೆಯೇ ಸರಾಗವಾಗಿ ಇನ್ನಷ್ಟು ಜಪಾನಿ ಹರಿದು ಬಂತು.

ದೇವರಾಜನ್ನರಿಗೆ ಬರುತ್ತಿದ್ದುದು ಒಂದೇ ಒಂದು ಜಪಾನಿ ವಾಕ್ಯ. ಮಾಲು ತಡವಾದಾಗ ಫೋನಿನಲ್ಲಿ ಹೇಳಬೇಕೆಂದು ಮುತಲಾಳಿ, ಅಂದರೆ ಕಂಪನಿಯ ಮಾಲೀಕರು, ಅವರಿಗೆ ಕಲಿಸಿದ್ದು. ಅವರು ತಟಕ್ಕನೆ ಎದ್ದು ನಿಂತು, ನಡು ಬಗ್ಗಿಸಿ, “ಮೊಶಿವಾಕೆ ಗೊಜಾಯಿಮಾಸೆನ್!” ಅಂದರು.

ನಮ್ಮಿಂದ ಮಹಾಪರಾಧವಾಗಿದೆ, ಕ್ಷಮಿಸಲು ಕಾರಣವೇ ಇಲ್ಲ — ಹೆಚ್ಚುಕಡಿಮೆ ಅದರ ಅರ್ಥ ಹಾಗೆ.

ಆತನ ನಗು ಆರಿತು. ಆತನೂ ಬಗ್ಗಿದ. ಆತ ಬಗ್ಗಿದ್ದು ಕಂಡು ಇವರು ಇನ್ನಷ್ಟು ಬಗ್ಗಿದರು. ಆತ ಅದಕ್ಕಿಂತಲೂ ಕೆಳಗೆ ಹೋದ. ಕೊನೆಗೆ ಆತನೇ ಗಾಬರಿಯಿಂದ ಕೊಂಗು ತಮಿಳಿಗೆ ಇಳಿದ: “ಎನ್ನಂಗ ಸಾರ್ ಆಚ್ಚು? ಕೋಳಿ ಕೆಟ್ಟಿದೆಯಾ? ಏನು ತಪ್ಪಾಯ್ತು, ಹೇಳಿಬಿಡಿ!”

ದೇವರಾಜನ್ ಕುರ್ಚಿಗೆ ಕುಸಿದರು. ಇನ್ನೊಂದು ಸುಳ್ಳು ಹುಡುಕಿದರು, ಸಿಗಲಿಲ್ಲ. ಹುಡುಗರ ಕಡೆ ತಿರುಗಿದರು.

“ನಾ ಇದನ್ನ ಈ ವರೆಗೂ ತಿಂದೇ ಇಲ್ಲ ಕಣಮ್ಮಾ,” ಅಂದರು. “ಒಸಾಕಾದಲ್ಲಿ ನಾಲ್ಕು ದಿನಾನೂ ನನ್ನ ಹೆಂಡ್ತಿ ಪದ್ಮಪ್ರಿಯಾ ಕಟ್ಟಿಕೊಟ್ಟ ಪುಳಿಯೋಗರೆ ಗೊಜ್ಜು, ರೂಮಲ್ಲಿ. ಕಡೇ ದಿನ ಸಾಯಂಕಾಲ ಒಂದು ಸಂದಿಯಲ್ಲಿ ಹೋಗ್ತಿದ್ದೆ. ಹಿಂಗೇ ವಾಸನೆ. ಬಾಗ್ಲಿಗೆ ಒಂದು ಪರದೆ. ಒಳಗೆ ಎಲ್ಲಾರೂ ನಗ್ತಾ ಇದ್ರು. ಕಾಲು ಗಂಟೆ ನಿಂತೆ. ಪರದೆ ತೆಗೆದು ಒಳಗೆ ಕಾಲಿಡೋದಿಕ್ಕೆ ಧೈರ್ಯ ಬರ್ಲಿಲ್ಲ. ಏನಾದ್ರೂ ಕೇಳಿದ್ರೆ? ಎದುರುಗಡೆ ಒಂದು ಬರ್ಗರ್ ಅಂಗಡಿ ಇತ್ತು. ಅಲ್ಲಿ ಫೋಟೋ ತೋರ್ಸಿದ್ರೆ ಸಾಕು. ಅದನ್ನ ತಿಂದು, ಈ ಕಡೆ ನೋಡ್ತಾ ನಿಂತಿದ್ದು, ಹೋಗಿ ಮಲಗಿದೆ. ಅಷ್ಟೇ ನನ್ನ ಜಪಾನು.”

ಹೇಳುವಾಗ ಅವರಿಗೇ ನಗು ಬಂತು. ಆದರ್ಶ್ ನಗಲಿಲ್ಲ. ಭೂಮಿ ಕೇಳಿದಳು: “ಕಾಲು ಗಂಟೆ ನಿಂತೇ ಇದ್ರಾ ಸಾರ್? ಚಳೀಲಿ?”

“ಮಳೆ ಬೇರೆ ಸಣ್ಣಗೆ.”

ಒಲೆಯವನ ಹೆಸರು ಪೆರಿಯಸಾಮಿ, ಆನೈಮಲೈ ಕಡೆಯವನು. ಹಡಗಿನ ಅಡುಗೆಮನೆಗೆ ಸೇರಿ, ಅಲ್ಲಿಂದ ಕೋಬೆಯ ಒಂದು ಹೋಟೆಲು ಹಿಡಿದು, ಎಂಟು ವರ್ಷ ಇದ್ದಿಲ ಮುಂದೆ ನಿಂತಿದ್ದವನು. ಅವನು ಒಂದು ಸ್ಟೂಲು ಎಳೆದುಕೊಂಡು ಕೂತ.

“ನಾನು ಮೊದಲ ಎರಡು ತಿಂಗಳು ಬ್ರೆಡ್ಡು, ಬಾಳೆಹಣ್ಣು ಬಿಟ್ಟು ಏನೂ ತಿಂದಿಲ್ಲ ಸಾರ್,” ಅಂದ. “ನಾನೇ ಸುಡ್ತಿದ್ದದ್ದನ್ನ ನಾನೇ ಬಾಯಿಗೆ ಹಾಕ್ಕೊಂಡಿರಲಿಲ್ಲ. ಒಂದು ದಿನ ಅಲ್ಲಿನ ಮುದುಕಿ ಯಜಮಾನಿ ಬೈದು ತಿನ್ನಿಸಿದಳು.” ನಂತರ ಮೆಲ್ಲಗೆ ಸೇರಿಸಿದ: “ಯಾಕಿ ಅಂದ್ರೆ ಸುಟ್ಟಿದ್ದು, ಟೋರಿ ಅಂದ್ರೆ ಕೋಳಿ. ಕಡ್ಡಿ ಎತ್ತಿ ಹಲ್ಲಲ್ಲಿ ಎಳೆದು ತಿನ್ನಿ. ನಮ್ಮ ಊರಲ್ಲಿ ಕಬ್ಬು ತಿನ್ನಲ್ವಾ, ಹಾಗೆ.”

ಅವನು ಹೊಸದಾಗಿ ಸುಟ್ಟು ತಂದ. ತೊಡೆ ಮಾಂಸ, ಈರುಳ್ಳಿ ಕಾಂಡ, ಈಲಿ. ದೇವರಾಜನ್ ಕಡ್ಡಿಯನ್ನು ಅಡ್ಡ ಹಿಡಿದು ಕಚ್ಚಿ ಎಳೆದರು. ಉಪ್ಪು, ಹೊಗೆ, ಬಿಸಿ ಕೊಬ್ಬು. ಅಷ್ಟು ಸುಲಭದ ಕೆಲಸ. ಹನ್ನೊಂದು ಕಡ್ಡಿಗಳಾದ ಮೇಲೆ, ಇನ್ನು ಮರ್ಯಾದೆಗೆ ಅಂಜುವ ಕಾರಣವೇನೂ ಉಳಿದಿಲ್ಲವೆಂದು, ಒಂದು ಬರ್ಗರನ್ನೂ ತರಿಸಿಕೊಂಡು ತಿಂದರು.

ಸೋಮವಾರ ಹುಡುಗರು ಆಫೀಸಿನಲ್ಲಿ ತುಟಿ ಬಿಚ್ಚಲಿಲ್ಲ. ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಎದ್ದು ನಿಂತು, ಬಗ್ಗಿ ತೋರಿಸಿ, ಕಥೆ ಹೇಳಿದವರು ದೇವರಾಜನ್ನರೇ. ಅದು ಮುತಲಾಳಿಯ ಕಿವಿಗೂ ಬಿತ್ತು. ಡಿಸೆಂಬರಿನಲ್ಲಿ ಜಪಾನಿನ ಗಿರಾಕಿಗಳು ಬಂದಾಗ ಅವರನ್ನು ಪೆರಿಯಸಾಮಿಯ ಒಲೆಯ ಮುಂದೆಯೇ ಕೂರಿಸಿದರು. ಮಾತೆಲ್ಲ ಪೆರಿಯಸಾಮಿಯದು. ಮೇಜಿನ ತುದಿಯಲ್ಲಿ ಕೂತ ದೇವರಾಜನ್ನರನ್ನು ಒಬ್ಬ ಮುದಿ ಗಿರಾಕಿ ಇಂಗ್ಲಿಷಿನಲ್ಲಿ ಕೇಳಿದ, ತಾವು ಜಪಾನಿಗೆ ಬಂದಿದ್ದೀರಾ?

“ಬಾಗಿಲ ತನಕ ಬಂದಿದ್ದೆ,” ಅಂದರು ದೇವರಾಜನ್. ಹಾಗೆಂದು ಇನ್ನೊಂದು ಕಡ್ಡಿಗೆ ಕೈ ಹಾಕಿದರು.