ತುಂಬಿದ ಪಾವು

ಸುಲೋಚನಮ್ಮನಿಗೆ ಐವತ್ತೈದಾದರೂ ಅಕ್ಕಿಡಬ್ಬದ ಮುಚ್ಚಳ ತೆಗೆಯುವ ಹಕ್ಕು ಬಂದಿರಲಿಲ್ಲ. ಪಾಳ್ಯದ ಆ ಮನೆಯಲ್ಲಿ ದಿನಾ ಬೆಳಿಗ್ಗೆ ಅಕ್ಕಿ ಅಳೆದು ಕೊಡುವುದು ಅತ್ತೆ ಚೆಲುವಮ್ಮನ ಕೆಲಸ, ಮೊರ ಒಡ್ಡಿಕೊಂಡು ನಿಲ್ಲುವುದು ಸೊಸೆಯ ಕೆಲಸ. ಹಿತ್ತಾಳೆ ಪಾವು ತುಂಬಿ, ಬೆರಳಿನಿಂದ ಅದರ ತಲೆ ಸವರಿ ಮಟ್ಟ ಮಾಡಿ, ಅತ್ತೆ ಒಬ್ಬೊಬ್ಬರ ಹೆಸರು ಹೇಳಿಯೇ ಸುರಿಯುತ್ತಿದ್ದಳು: "ಇದು ನಿಮ್ಮ ಮಾವಂಗೆ, ಇದು ರುದ್ರಂಗೆ, ಇದು ನಂಗೆ." ಅಲ್ಲಿಗೆ ಮುಗಿಯಿತು. ಸೊಸೆಗೆ ತಳ ಹಿಡಿದದ್ದು ಇದ್ದೇ ಇರುತ್ತದಲ್ಲ! ನೆಂಟರು ಬಂದಾಗ ಮಾತ್ರ ತಲೆ ಸವರುತ್ತಿರಲಿಲ್ಲ. ಮನೆಯ ಮರ್ಯಾದೆ ನೆಂಟರ ಹೊಟ್ಟೆಯಲ್ಲಿರುತ್ತದೆ ಎಂಬುದು ಅವಳ ಮಾತು.

ಮಾವ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರ ಹೆಸರಿನ ಪಾವು ನಿಂತಿಲ್ಲ. ಸತ್ತವರ ಪಾಲು ತಿಂದುಕೊಂಡು ಸುಲೋಚನಮ್ಮ ದಿನ ದೂಡುತ್ತಿದ್ದಳು. ಈಗ ಒಂದು ವರ್ಷದಿಂದ ಮುದುಕಿಗೆ ಮರೆವು. ಬೆಳಿಗ್ಗೆ ತಿಂದದ್ದು ಮಧ್ಯಾಹ್ನ ನೆನಪಿರುವುದಿಲ್ಲ. ಪಾವು ಹಿಡಿಯುವುದನ್ನು ಮಾತ್ರ ಕೈ ಮರೆತಿಲ್ಲ.

"ಪಾವು ಕಿತ್ಕೊಳ್ಳಮ್ಮ, ಇನ್ನೂ ಎಷ್ಟು ದಿನ ಮೊರ ಹಿಡೀತೀಯ?" ಎಂದು ಸಕಲೇಶಪುರಕ್ಕೆ ಕೊಟ್ಟಿದ್ದ ಮಗಳು ನವ್ಯಶ್ರೀ ಫೋನಿನಲ್ಲಿ ಬೈದಿದ್ದಳು. ಗಂಡ ರುದ್ರಯ್ಯನನ್ನು ಕೇಳಿದರೆ, "ಅವ್ವನ ಕೈ ಆಡೋವರ್ಗೂ ಆಡ್ಲಿ ಬುಡು," ಅಂದ. ಅವನಿಗೇನು, ತುಂಬಿದ ತಟ್ಟೆ ಮುಂದೆ ಬರುತ್ತದೆ. ಒಣಗಿದ ಕಡ್ಡಿಯಂಥ ಮುದುಕಿಯ ಕೈಯಿಂದ ಪಾವು ತೆಗೆದುಕೊಳ್ಳಲು ಒಂದು ಗಳಿಗೆ ಸಾಕು. ಆದರೂ ಬೆಳಗಾದರೆ ತನ್ನ ಕೈ ತಾನಾಗಿ ಮೊರ ಒಡ್ಡುತ್ತದಲ್ಲ, ಸುಲೋಚನಮ್ಮನಿಗೆ ಆ ಕೈ ಮೇಲೆಯೇ ಸಿಟ್ಟು. ಒಳಗಿನ ಆಸೆಯೊಂದಿತ್ತು, ಹೇಳಿಕೊಳ್ಳಲು ನಾಚಿಕೆ: ಒಂದು ದಿನವಾದರೂ ಅತ್ತೆ ತಾನಾಗಿ "ಇದು ನಿಂಗೆ" ಅನ್ನಬೇಕು. ಕಾದು ಕಾದು ಸಾಕಾಗಿತ್ತು.

ಇವತ್ತು ಮೊರ ಒಡ್ಡಲಿಲ್ಲ. ಪಾವಿಗೇ ಕೈ ಚಾಚಿದಳು. "ಕೊಡಿ ಇಲ್ಲಿ. ಮೂವತ್ಮೂರು ವರ್ಷ ಆತು. ನನ್ ಪಾವು ಎಲ್ಲೈತೆ?"

ಚೆಲುವಮ್ಮ ತಲೆ ಎತ್ತಿ ಬಹಳ ಹೊತ್ತು ನೋಡಿದಳು. ಆಮೇಲೆ ಗಾಬರಿಯಾದಳು.

"ಅಯ್ಯೋ, ಯಾವಾಗ ಬಂದ್ಯವ್ವ? ನೆಂಟ್ರು ಬಂದವ್ರೆ ಅಂತ ಯಾರೂ ಹೇಳ್ಲೇ ಇಲ್ವಲ್ಲ! ಯಾವೂರಾತು ನಿಂದು?"

ಸುಲೋಚನಮ್ಮನ ಚಾಚಿದ ಕೈ ಹಾಗೇ ನಿಂತಿತು. "ಬಿಸಿಲೆ," ಅಂದಳು. ತವರಿನ ಹೆಸರು ಈ ಮನೆಯಲ್ಲಿ ಅವಳ ಬಾಯಿಗೆ ಬಂದು ಎಷ್ಟು ಕಾಲವಾಗಿತ್ತೋ.

"ನಮ್ ಸೊಸೇನೂ ಆ ಕಡೆಯವ್ಳೇ ಕಣವ್ವ." ಮುದುಕಿ ಪಾವನ್ನು ಡಬ್ಬಕ್ಕೆ ಅದ್ದಿ ಎತ್ತಿದಳು. ತಲೆ ಸವರಲಿಲ್ಲ. ಅಕ್ಕಿ ಅಂಚಿನಿಂದ ಉದುರುತ್ತಿತ್ತು. "ಇದು ನಿಂಗೆ," ಎಂದು ಅವಳ ಸೆರಗಿಗೆ ಸುರಿದು, ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅವ್ಳ ಮುಂದೆ ಹೇಳ್ಬ್ಯಾಡ. ನೋಡುದ್ರೆ ಅವ್ಳೂ ಕೇಳ್ತಾಳೆ."

"ಇಲ್ಲ ಕಣವ್ವ, ಹೇಳಲ್ಲ," ಅಂದಳು ಸುಲೋಚನಮ್ಮ.

ಆ ಅಕ್ಕಿಯನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿದಳು. ರುದ್ರಯ್ಯ ಗದ್ದೆಯಿಂದ ಬರುವ ಮೊದಲೇ, ಈ ಮನೆಗೆ ಬಂದ ಮೇಲೆ ಮೊದಲ ಸಲ, ಬಿಸಿ ಅನ್ನ ಬಡಿಸಿಕೊಂಡು ಕೂತಳು. ಅರ್ಧಕ್ಕೇ ಹೊಟ್ಟೆ ತುಂಬಿತು. ನೆಂಟರು ತಟ್ಟೆಯಲ್ಲಿ ಬಿಡಬಾರದೆಂದು ಉಳಿದದ್ದನ್ನು ಅಳುತ್ತಲೇ ತಿಂದಳು.