ಹಸು ಪಾದ್ರಿಯ ಕಡೆ ತಿರುಗಿ

ಏಲಕ್ಕಿ, ಬಿಸಿ ಬ್ರೆಡ್ಡು, ಬೂಟಿನ ಹಿಮ ಕರಗಿ ಒದ್ದೆಯಾದ ಉಣ್ಣೆ, ಇಲ್ಮಾ ಬಂದು ಕೂತರೆ ನಮ್ಮ ಅಡುಗೆಮನೆ ಹೀಗೇ ನಾರುತ್ತದೆ, ನಾರುತ್ತದೆ ಅನ್ನಬಾರದು, ಘಮಘಮ ಅನ್ನುತ್ತದೆ, ನನ್ನ ಮೂಗಿಗೆ ಇವತ್ತು ಎಲ್ಲವೂ ನಾತ — ತಾನೇ ಎದ್ದು ಡ್ರಾಯರ್ ಎಳೆದು ಚಾಕು ಹುಡುಕುತ್ತಿದ್ದಾಳೆ, ಇಷ್ಟು ವರ್ಷ ಪಕ್ಕದ ಮನೆಯವಳಾಗಿದ್ದು ನನ್ನ ಚಾಕು ಎಲ್ಲಿದೆ ಅಂತ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು, ಹೋಗ್ಲಿ ಬಿಡು ಡೇಲ್, ಹಳೇ ಕಂಪ್ಯೂಟರು, ಕಾಲ ಬಂದಿತ್ತು ಸತ್ತೋಯ್ತು, ನೀನೇನು ಮಾಡ್ತೀಯ ಪಾಪ, ಕೋಳಿ ಏಳೋ ಮುಂಚೆ ಎದ್ದು ಊರಿನ ಹಿಮ ಎಲ್ಲಾ ತಳ್ಳಿ ಬಂದು ನನ್ನ ಕೆಲಸಕ್ಕೆ ಕೂತಿದ್ದೀಯ, ತಿನ್ನು — ಜಡೆಯ ಹಾಗೆ ಹೆಣೆದ ಅವಳ ನಿಸು ಬ್ರೆಡ್ಡು, ಮೇಲೆ ಸಕ್ಕರೆ ಮಿಂಚು, ದಪ್ಪ ಹೋಳೊಂದು ನನ್ನ ತಟ್ಟೆಗೆ ಬಿತ್ತು. ಡಿಸ್ಕೇ ಹೋಗ್ಬಿಟ್ಟಿತ್ತು ಇಲ್ಮಾ, ನಾನು ಕೈ ಹಾಕೋ ಮುಂಚೇನೇ. ಹಾಗೆ ಅಂದೆ, ಈಗಷ್ಟೇ, ಅವಳು ಕೋಟು ಬಿಚ್ಚುವ ಮೊದಲೇ, ಕೇಳುವ ಮೊದಲೇ, ಬಾಯಿ ತಾನಾಗಿ ಅಂದುಬಿಟ್ಟಿತು, ಸಿಂಕಿನ ಹತ್ತಿರ ತಟ್ಟೆ ತೊಳೆಯುತ್ತಿದ್ದ ಕೈಸಾಳ ಕೈ ನಿಂತಿತು, ನನ್ನ ಮಗಳ ಬೆನ್ನು ನನಗೆ ಗೊತ್ತು, ಆ ಬೆನ್ನು ಕೇಳಿಸಿಕೊಂಡಿತು. ನಲ್ಲಿ ಮಾತ್ರ ಸುರಿಯುತ್ತಿದೆ.

ಮೇಜಿನ ಮೇಲೆ ಅದು, ಇಲ್ಮಾಳ ಪುಟ್ಟ ಲ್ಯಾಪ್‌ಟಾಪು, ಪ್ರಾರ್ಥನೆಯ ಪುಸ್ತಕಕ್ಕಿಂತ ತುಸು ದೊಡ್ಡದು, ಅವಳ ಗಂಡ ಆರ್ವೋನ ದಪ್ಪ ಬೆರಳುಗಳಿಗೆ ಆ ಕೀಲಿಗಳು ಎಂದೂ ಸಾಲುತ್ತಿರಲಿಲ್ಲ, ಒಂದು ಒತ್ತಿದರೆ ಮೂರು ಒತ್ತುತ್ತಿದ್ದವು, ಈಗ ಎಷ್ಟು ಚೆನ್ನಾಗಿ ಓಡುತ್ತಿದೆ ನೋಡು, ವಿಂಡೋಸ್ ಬದಲು ಲಿನಕ್ಸು, ಹಗುರ, ಪುಕ್ಕಟೆ, ಮುದಿ ಯಂತ್ರಕ್ಕೆ ಹೊಸ ಜೀವ ಬರುತ್ತೆ ಇಲ್ಮಾ ಅಂತ ನಾನೇ ಅಲ್ಲವೇ ಕೊಚ್ಚಿಕೊಂಡದ್ದು, ಇಗರ್ಜಿಯ ಕಾಫಿ ಹೊತ್ತಿನಲ್ಲಿ, ನಾಲ್ಕು ಜನರ ಎದುರು. ಜೀವ ಬಂತು. ಒಳಗಿದ್ದವನು ಹೋದ. ಅವಳಿಗೆ ಬೇಕಾಗಿದ್ದದ್ದು ಯಂತ್ರವೇ ಅಲ್ಲ, ಆರ್ವೋ, ಸಾಯುವ ಮುಂಚಿನ ಚಳಿಗಾಲ ಅವಳು ಹಾಡಿನ ಅಭ್ಯಾಸಕ್ಕೆ ಹೋಗಿದ್ದಾಗ ಒಬ್ಬನೇ ಕೂತು ಈ ಡಬ್ಬಿಯ ಕ್ಯಾಮೆರಾ ಕಣ್ಣಿನ ಮುಂದೆ ತನ್ನ ಹಸುವಿನ ಜೋಕು ಹೇಳಿ ವಿಡಿಯೋ ಮಾಡಿಟ್ಟಿದ್ದ, ಹೆಂಡತಿಯ ಎದುರು ಬಾಯಿಬಿಟ್ಟು ಹೇಳಲಾಗದ ಜೋಕು, ಹೆಂಗಸರ ಮುಂದೆ ಹೇಳೋದಲ್ಲ ಕಣೇ ಅಂತ ಬದುಕೆಲ್ಲ ಅಂದವನು, ಸತ್ತ ಮೇಲೆ ಅವಳಿಗೆ ಸಿಕ್ಕಲಿ ಅಂತಲೋ ಏನೋ. ಯಂತ್ರಕ್ಕೆ ಉಸಿರು ಸಾಲದು, ವಿಡಿಯೋ ಅರ್ಧಕ್ಕೆ ನಿಂತುಬಿಡುತ್ತಿತ್ತು. ನೋಡು ಡೇಲ್, ಇಲ್ಲೇ, ದಿನಾ ಇಲ್ಲೇ ನಿಲ್ತಾನೆ — ಶುಕ್ರವಾರ ಅವಳ ಮನೆಯಲ್ಲಿ ನಾನೂ ನೋಡಿದೆ, ಕೆಂಪು ಪಟ್ಟೆಯ ಅಂಗಿ, ಕಾಫಿ ಬಟ್ಟಲು ಹಿಡಿದ ಕೈ ಗಾಳಿಯಲ್ಲಿ, ಆಗ ಹಸು ಪಾದ್ರಿಯ ಕಡೆ ತಿರುಗಿ — ಬಾಯಿ ತೆರೆದೇ ಇದೆ, ಮೇಲಿನ ಸಾಲಿನಲ್ಲಿ ಹಲ್ಲಿಲ್ಲದ ಕಿಂಡಿ, ಕಣ್ಣಲ್ಲಿ ನಗು ಆಗಲೇ ಬಂದಾಗಿದೆ, ಮಾತು ಬಂದಿಲ್ಲ. ಅವನನ್ನ ಮುಗಿಸೋ ಹಾಗೆ ಮಾಡು ಸಾಕು, ಅಂದಳು.

ಮೊದಲು ನಕಲು ತೆಗೆದಿಡಬೇಕಿತ್ತು. ಇದ್ದದ್ದು ಒಂದೇ ಪೆನ್‌ಡ್ರೈವ್, ಅದರಲ್ಲಿ ಲಿನಕ್ಸ್ ತುಂಬಿದ್ದೆ, ಇನ್ನೊಂದಕ್ಕೆ ಹ್ಯಾಂಕಾಕ್ ಪೇಟೆಗೆ ಇಳಿಯಬೇಕು, ಬೆಳಗಿನಿಂದ ಹಿಮ ತಳ್ಳುವ ಲಾರಿಯಲ್ಲೇ ಕೂತು ಸೊಂಟ ಸತ್ತಿತ್ತು, ಹಳೆಯದರ ಪಕ್ಕದಲ್ಲೇ ಹೊಸದನ್ನೂ ಕೂರಿಸಬಹುದಲ್ಲ, ಏನೂ ಆಗಲ್ಲ — ಏನೂ ಆಗಲ್ಲ ಅನ್ನುವ ಮಾತು ನಮ್ಮ ವಂಶದ ಮಾತು, ಅಪ್ಪ ಕೆರೆಯ ಮಂಜುಗಡ್ಡೆಯ ಮೇಲೆ ಟ್ರಕ್ ಇಳಿಸುವಾಗಲೂ ಅದನ್ನೇ ಅಂದದ್ದು. ಪರದೆ ಅಷ್ಟು ಗಿಡ್ಡ, ಅದರಲ್ಲಿ ಲಿನಕ್ಸ್ ತೆರೆದ ಕಿಟಕಿ ಅಷ್ಟು ಉದ್ದ, ಕೆಳಗಿನ ಗುಂಡಿಗಳೆಲ್ಲ ಪರದೆಯ ಅಂಚಿನ ಆಚೆ ಬಿದ್ದುಹೋಗಿದ್ದವು, ಕಾಣುವುದಿಲ್ಲ, ಕೈಸಾ ಹೆಗಲ ಮೇಲಿಂದ ಬಗ್ಗಿ, ಅಪ್ಪಾ, ಆಲ್ಟ್ ಒತ್ತಿ ಹಿಡ್ಕೊಂಡು ಕಿಟಕೀನ ಮೇಲಕ್ಕೆ ಎಳಿ, ಆಗ ಕಾಣತ್ತೆ, ಓದಿ ಒತ್ತು, ನೀನು ಹುಟ್ಟೋ ಮುಂಚಿಂದ ಒತ್ತಾ ಇದೀನಿ ಕಣಮ್ಮ, ಹೋಗು ಓದ್ಕೋ ಹೋಗು, ಅಂದೆ, ನಕ್ಕು ಹೋದಳು, ನಾನು ಟ್ಯಾಬ್ ಟ್ಯಾಬ್ ಟ್ಯಾಬ್ ಎಂಟರ್, ಕುರುಡಾಗಿ, ಖಚಿತವೇ ಎಂದು ಅದು ಕೇಳಿದ ಹಾಗಿತ್ತು, ಪಾಪ ಅದೂ ಕೇಳಿತು, ಅದಕ್ಕೂ ಎಂಟರ್. ನೀಲಿ ಗೆರೆ ತುಂಬುತ್ತ ಹೋಯಿತು, ನಾನು ಸಾಸೇಜು ಹುರಿದೆ, ಶಿಳ್ಳೆ ಹಾಕಿದೆ. ಆಮೇಲೆ ಆರ್ವೋನನ್ನು ಹುಡುಕಿದೆ, ಹಳೆಯದೆಲ್ಲ ಅಳಿಸಿಹೋಗಿತ್ತು, ಇದ್ದದ್ದು ಹೊಚ್ಚಹೊಸ ಖಾಲಿ, ತೊಳೆದಿಟ್ಟ ಪಾತ್ರೆಯಂಥ ಖಾಲಿ.

ಅಪ್ಪಾ. ಕೈಸಾ ಕಾಫಿ ಪಾತ್ರೆ ಹಿಡಿದು ಪಕ್ಕಕ್ಕೆ ಬಂದಿದ್ದಾಳೆ, ನನಗೆ ಮಾತ್ರ ಕೇಳುವಷ್ಟು, ಅಪ್ಪಾ, ಡಿಸ್ಕು ಹೋಗಿದ್ರೆ ಇದು ಯಾವುದರ ಮೇಲೆ ಓಡ್ತಾ ಇದೆ, ನಾನು ಬಟ್ಟಲು ಮುಂದೆ ಚಾಚಿದೆ, ಸುರಿದಳು, ಆಫ್ ಮಾಡು ಅಪ್ಪಾ, ಓಡಿದಷ್ಟೂ ಹಳೇದರ ಮೇಲೆ ಬರೀತಾ ಹೋಗತ್ತೆ, ಈಗಲೇ ನಿಲ್ಸಿದ್ರೆ ನಮ್ಮ ಕಾಲೇಜಿನೋರು ತೆಗೆದರೂ ತೆಗೀಬಹುದು — ಹಾಲು ತಗೊಂಡು ಬಾ, ಅಂದೆ. ಹಾಲು ತಾ ಅಂದೆ. ಇವಳು ಇಷ್ಟುದ್ದ ಇದ್ದಾಗ ಇಲ್ಮಾಳ ಕಿಟಕಿಗೆ ಮಂಜಿನುಂಡೆ ಹೊಡೆದು ಗಾಜು ಒಡೆದವಳನ್ನು ಕೈ ಹಿಡಿದು ಅವಳ ಬಾಗಿಲ ತನಕ ಕರೆದೊಯ್ದು ಬಿಟ್ಟವನು ನಾನು, ಬೇರೆಯೋರ ಮನೇದು ಮುರಿದರೆ ನಿನ್ನ ಬಾಯಲ್ಲೇ ನೀನು ಹೇಳಬೇಕು, ನಾನು ಬರಲ್ಲ, ಹೋಗು, ಒಬ್ಬಳೇ ಹೋದಳು, ಒಂದು ಹೋಳು ನಿಸು ಹಿಡಿದು ಅಳುತ್ತ ನಗುತ್ತ ಬಂದಳು, ಹೇಳಿದೆ ಅಪ್ಪಾ. ಈಗ ತನ್ನ ಪಾಲಿನ ಹೋಳು ಮುಟ್ಟಿಲ್ಲ. ಹಾಲಿನ ಡಬ್ಬಿ ಮೇಜಿಗೆ ಕುಕ್ಕಿ ನಿಂತಿದ್ದಾಳೆ. ಇಲ್ಮಾ ಆ ಚಿಕ್ಕ ಪರದೆಯ ಮೇಲೆ ಬೆರಳಾಡಿಸುತ್ತಾಳೆ, ಅಯ್ಯೋ ಎಷ್ಟು ಚುರುಕಾಗಿದೆಯೋ ಮಾರಾಯ, ಇಸ್ಪೀಟಿನ ಆಟ ಬೇರೆ ಹಾಕಿದ್ದೀಯ, ತೆರೆಯುತ್ತಾಳೆ, ಎಲೆಗಳು ಹಾರಿ ಬಂದು ಕೂರುತ್ತವೆ, ಒಂದೊಂದು ಎಲೆಯೂ ಆರ್ವೋನ ಮೇಲೆ, ಪಟ್ಟೆ ಅಂಗಿಯ ಮೇಲೆ, ಬಟ್ಟಲಿನ ಮೇಲೆ, ಒಂದೊಂದಾಗಿ, ನಾನು ನೋಡುತ್ತ ಕೂತಿದ್ದೇನೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಆಫ್ ಗುಂಡಿ, ಇದು ಮಾತ್ರ ಕಾಣುತ್ತದೆ, ಚೆನ್ನಾಗಿಯೇ ಕಾಣುತ್ತದೆ, ಆದರೆ ಯಾಕೆ ಆಫ್ ಮಾಡಿದೆ ಅಂತ ಕೇಳುತ್ತಾಳಲ್ಲ.

ಒಂದು ಹೇಳು ಡೇಲ್, ಅನ್ನುತ್ತಾಳೆ, ಎಲೆಗಳಿಂದ ಕಣ್ಣೆತ್ತದೆ, ನೀನು ಅಷ್ಟು ವರ್ಷ ಆರ್ವೋ ಜೊತೆ ಲಾರಿ ಗ್ಯಾರೇಜಿನಲ್ಲಿದ್ದೆ, ನಿಮಗೆಲ್ಲ ಸಾವಿರ ಸಲ ಹೇಳಿರ್ತಾನೆ ಆ ಕತ್ತೆ, ಹೋದದ್ದು ಹೋಯ್ತು, ನೀನೇ ಹೇಳಿಬಿಡು, ನಂಗೇನು ನಾಚಿಕೆ ಈ ವಯಸ್ಸಲ್ಲಿ, ಕೈಸಾ ಕಿವಿ ಮುಚ್ಕೊಳ್ಳೇ, ಹಸು ತಿರುಗಿ ಏನಂತು? ಸಾವಿರ ಸಲ, ಹೌದು, ಟೈರುಗಳ ಮೇಲೆ ಕೂತು, ಮಾಂಸದ ಪ್ಯಾಸ್ಟಿ ಕಡುಬು ಕಚ್ಚುತ್ತ, ಶುರುಮಾಡಿದ ನೋಡ್ರೋ ಮತ್ತೆ ಹಸು ಬಂತು ಅಂತ ಎಲ್ಲರೂ, ಬೇಗ ಮುಗಿಯಲಿ ಅಂತ ಮುಂಚೆಯೇ ಹೋ ಎಂದು ನಗುತ್ತಿದ್ದೆವು, ಎಲ್ಲರಿಗಿಂತ ಜೋರಾಗಿ ನಾನು, ಅವನ ಕೊನೆಯ ಮಾತು ನಮ್ಮ ನಗುವಿನಡಿ ಸಿಕ್ಕಿ ಹೋಗುತ್ತಿತ್ತು, ಒಂದು ಸಲವೂ, ಒಂದೇ ಒಂದು ಸಲವೂ ಕೇಳಿಸಿಕೊಂಡಿಲ್ಲ, ಈ ಭೂಮಿಯ ಮೇಲೆ ಅದು ಇದ್ದದ್ದು ಈ ಡಬ್ಬಿಯಲ್ಲಿ ಮಾತ್ರ, ಇನ್ನೂ ಇದೆಯೋ ಏನೋ, ಎಲೆಗಳ ಕೆಳಗೆ, ನಾನು ನಿಜ ಹೇಳಿದರೆ ಇದೆ, ಹೇಳದಿದ್ದರೆ — ಹೇಳೋ, ಅನ್ನುತ್ತಾಳೆ ಇಲ್ಮಾ, ಈಗ ನನ್ನನ್ನೇ ನೋಡುತ್ತ, ತುಟಿಯ ಕೊನೆಯಲ್ಲಿ ನಗು ತಯಾರು, ಕೈಸಾಳೂ ನನ್ನನ್ನೇ, ನಾನು ಕಾಫಿ ಬಟ್ಟಲು ಎತ್ತಿದ್ದೇನೆ, ಬಾಯಿ ತೆರೆದಿದ್ದೇನೆ, ಬಟ್ಟಲು ಗಾಳಿಯಲ್ಲಿ, ಬಾಯಿ ತೆರೆದೇ ಇದೆ, ಆಗ ಹಸು ಪಾದ್ರಿಯ ಕಡೆ ತಿರುಗಿ, ಬಟ್ಟಲು ಗಾಳಿಯಲ್ಲಿ, ತಿರುಗಿ, ಬಾಯಿ